ನೂರ ಎಪ್ಪತ್ತೆರಡನೆಯ ದಿನ

ಬೇಸ್‌ಬಾಲ್ ಲೀಗಿನ ನಿಯಮಾವಳಿಯಂತೆ ಒಂದು ವರ್ಷಕ್ಕೆ ನೂರ ಎಪ್ಪತ್ತೆರಡು ದಿನಗಳು. ಒಂದೇ ಋತುವಿನಲ್ಲಿ ಅಷ್ಟು ದಿನ ತಂಡದ ಪಟ್ಟಿಯಲ್ಲಿದ್ದ ಆಟಗಾರನಿಗೆ ಒಂದು ವರ್ಷದ ಅನುಭವವಾಗಿದೆಯೆಂದು ಭಾವಿಸತಕ್ಕದ್ದು. ಒಂದು ದಿನ ಕಡಿಮೆಯಾದರೂ ಅವನು ಹೊಸಬ, ಹೊಸಬರ ಸಂಬಳ, ಬೇರೆ ತಂಡ ಕರೆದರೂ ಹೋಗುವಂತಿಲ್ಲ. ಸಿರಿವಂತ ತಂಡಗಳು ಬಡ ತಂಡಗಳ ಒಳ್ಳೆಯ ಆಟಗಾರರನ್ನು ಹಾರಿಸಿಕೊಂಡು ಹೋಗದಿರಲಿ, ಎಲ್ಲರ ಬಲವೂ ಸಮವಾಗಿರಲಿ ಎಂಬ ಸದುದ್ದೇಶದಿಂದ ಮಾಡಿದ ನಿಯಮ ಇದು.

ಇದರ ಪ್ರಕಾರ ಒಹಾಯೋದ ಹಾರ್ಲನ್ ಫಾಲ್ಸ್ ತಂಡದ ವೆಂಡೆಲ್ ಕ್ರೌಸ್ ಹತ್ತೊಂಬತ್ತು ವರ್ಷಗಳಿಂದ ಹೊಸಬ. ವಯಸ್ಸು ನಲವತ್ತೊಂದು, ಮಂಡಿ ಎರಡೂ ಕಟಕಟ. ಪ್ರತಿ ವರ್ಷ ನೂರ ಎಪ್ಪತ್ತೊಂದನೆಯ ದಿನ ಮಾಲೀಕ ಥ್ಯಾಡಿಯಸ್ ಪಾಮರ್ ಅವರಿಂದ ಪತ್ರ ಬರುತ್ತಿತ್ತು: "ತಾವು ಚೆಂಡು ಹಿಡಿಯುವುದನ್ನು ಇನ್ನೂ ಕಲಿಯಬೇಕಿರುವುದರಿಂದ ತಮ್ಮನ್ನು ಕಿರಿಯರ ತಂಡಕ್ಕೆ ಕಳುಹಿಸಲಾಗಿದೆ." ಇಡೀ ಲೀಗಿನಲ್ಲಿ ಅತಿ ಹೆಚ್ಚು ಚೆಂಡು ಹಿಡಿದವನು ವೆಂಡೆಲನೇ ಎಂಬುದು ಬೇರೆ ಮಾತು. ಪತ್ರದಲ್ಲಿ ಬದಲಾಗುತ್ತಿದ್ದುದು ತಾರೀಖು ಮಾತ್ರ.

ಹೊಸಬನೆಂದ ಮೇಲೆ ಸಂಪ್ರದಾಯ ಬಿಡಲಾದೀತೇ? ಹಿರಿಯರಿಗೆ ಬೇಕಾದ ಸೂರ್ಯಕಾಂತಿ ಬೀಜ, ಚೂಯಿಂಗ್ ಗಮ್ ತುಂಬಿದ ಮಕ್ಕಳ ಗುಲಾಬಿ ಬ್ಯಾಗನ್ನು ಬೆನ್ನಿಗೇರಿಸಿಕೊಂಡು ಅವನು ಮೈದಾನ ದಾಟುತ್ತಿದ್ದ. ಹಿರಿಯನೆಂದರೆ ಇಪ್ಪತ್ತಮೂರರ ಡಸ್ಟಿನ್. ಅವನಿಗೆ ಆಡಲು ಬಾರದ್ದರಿಂದ ಯಾರೂ ಹಾರಿಸಿಕೊಂಡು ಹೋಗುವ ಭಯವಿರಲಿಲ್ಲ. ಅವನ ವರ್ಷಗಳು ಸಲೀಸಾಗಿ ತುಂಬಿದ್ದವು.

"ಏ ಮರಿ, ಬೀಜ ತಾರೋ! ಎಷ್ಟೊತ್ತೋ ನಿಂದು?"

"ಬಂದೆ ಕಣಣ್ಣಾ. ನೀನು ಚಡ್ಡಿ ಹಾಕೋದು ಕಲೀತಿದ್ದಾಗ ಹೊರಟಿದ್ದೆ, ಈಗ ತಲುಪಿದೆ."

ಹೆಂಡತಿ ಡೋರಿನ್‌ಗೆ ವೆಂಡೆಲ್ ಮಾತು ಕೊಟ್ಟಿದ್ದ: ಒಂದೇ ಒಂದು ವರ್ಷ ತುಂಬಲಿ, ಲಾಂಡ್ರಿ ಅಂಗಡಿಯ ಮೇಲಿನ ಎರಡು ಕೋಣೆ ಬಿಟ್ಟು ಸ್ವಂತ ಮನೆ ಮಾಡೋಣ. ಅವನನ್ನು ಕೊಳ್ಳಲು ನ್ಯೂಯಾರ್ಕಿನ ಅಡ್ಮಿರಲ್ಸ್ ತಂಡವಂತೂ ತುದಿಗಾಲಲ್ಲಿ ನಿಂತಿತ್ತು.

ಈ ಸಲ ನೂರ ಎಪ್ಪತ್ತೊಂದನೆಯ ದಿನ ಧೋ ಎಂದು ಮಳೆ ಹಿಡಿಯಿತು. ಸೇತುವೆ ಮುಳುಗಿತು. ಪತ್ರವನ್ನು ಖುದ್ದಾಗಿ ಕೈಗೇ ಕೊಡಬೇಕೆಂಬ ನಿಯಮವಿದ್ದು, ಪಾಮರ್ ಅವರು ಪತ್ರ ಹಿಡಿದುಕೊಂಡು ಆಚೆ ದಡದಲ್ಲೇ ಉಳಿದರು. ಮರುದಿನದ ಪಂದ್ಯ ರದ್ದಾಯಿತು. ವೆಂಡೆಲ್ ಬೆಂಚಿನ ಮೇಲೆ ಕೂತು ಇಡೀ ದಿನ ಮಳೆ ನೋಡಿದ, ಎರಡು ಹಾಟ್‌ಡಾಗ್ ತಿಂದ. ಸಂಜೆಗೆ ಅವನಿಗೆ ಒಂದು ವರ್ಷ ತುಂಬಿತು! ಖುಷಿ ತಡೆಯಲಾರದೆ ಡೋರಿನ್‌ಳನ್ನು ಎತ್ತಿ ತಿರುಗಿಸಿ ಸೊಂಟ ಉಳುಕಿಸಿಕೊಂಡ.

ಪಾಮರ್ ಅವರು ಲೀಗಿನ ಸಮಬಲ ಆಯೋಗಕ್ಕೆ ದೂರಿತ್ತರು. ಅಧ್ಯಕ್ಷೆ ವಿನಿಫ್ರೆಡ್ ಸ್ಟೌಟ್ ಕನ್ನಡಕ ಏರಿಸಿಕೊಂಡು ಕೇಳಿದರು:

"ಮಳೆಗೆ ರದ್ದಾದ ಪಂದ್ಯದ ಟಿಕೆಟ್ ಇನ್ನೊಂದು ದಿನಕ್ಕೆ ನಡೆಯುತ್ತೆ, ಹೌದೋ ಅಲ್ವೋ?"

"ಹೌದು ಮೇಡಂ," ಎಂದ ವೆಂಡೆಲ್.

"ಅಂದ್ರೆ ನೋಡೋಕೆ ಬಂದವರ ಪಾಲಿಗೆ ಆ ದಿನ ಇನ್ನೂ ಆಗಿಲ್ಲ. ಅವರಿಗೆ ಆಗದ ದಿನ ನಿಮಗೊಬ್ಬರಿಗೆ ಹೇಗಪ್ಪಾ ಆಯ್ತು?"

"ಮೇಡಂ, ಆವತ್ತು ನಾನು ಎರಡು ಹಾಟ್‌ಡಾಗ್ ತಿಂದಿದ್ದೀನಿ!"

"ಅದನ್ನು ತಂಡ ವಾಪಸ್ ಕೇಳ್ತಿಲ್ಲ," ಎಂದರು ಅಧ್ಯಕ್ಷೆ, ದೊಡ್ಡ ಮನಸ್ಸು ಮಾಡಿ.

ಆ ದಿನ ಸಂಭವಿಸಿಲ್ಲವೆಂದು ತೀರ್ಪಾಯಿತು. ಅಡ್ಮಿರಲ್ಸ್ ತಂಡದ ವಕೀಲರು ಎದ್ದುನಿಂತಾಗ, ಸದ್ಯ, ಇವರಾದರೂ ತನ್ನ ಪರ ಮಾತಾಡುತ್ತಾರೆಂದು ವೆಂಡೆಲ್ ಉಸಿರು ಬಿಟ್ಟ. ವಕೀಲರು ತೀರ್ಪನ್ನು ತುಂಬು ಹೃದಯದಿಂದ ಸ್ವಾಗತಿಸಿ, ತಮ್ಮಲ್ಲೂ ಹೋದ ಹತ್ತು ವರ್ಷ ಮಳೆ ಚೆನ್ನಾಗಿಯೇ ಆಗಿತ್ತೆಂದು ದಾಖಲೆ ಒಪ್ಪಿಸಿದರು.

ಉಳಿದ ತಂಡಗಳೂ ಹವಾಮಾನ ಇಲಾಖೆಗೆ ಓಡಿದವು. ಮಳೆಯ ದಿನಗಳನ್ನೆಲ್ಲ ಕಳೆದು ಲೆಕ್ಕ ಮುಗಿದಾಗ ಇಡೀ ಲೀಗಿನಲ್ಲಿ ವರ್ಷ ತುಂಬಿದ ಆಟಗಾರ ಒಬ್ಬನೂ ಉಳಿದಿರಲಿಲ್ಲ. ಒಂದು ಊರನ್ನೇ ಕೊಳ್ಳುವಷ್ಟು ಸಂಬಳ ಎಣಿಸುತ್ತಿದ್ದ ಅಡ್ಮಿರಲ್ಸ್ ತಂಡದ ಬ್ರೆಂಟ್ ಹ್ಯಾಲೊವೆ ಕೂಡ ಹೊಸಬನಾದ. ಆಟಗಾರರ ಸಂಘ ಪ್ರತಿಭಟನೆಗೆ ಸಭೆ ಸೇರಿತು. ಸಂಘದಲ್ಲಿ ಹೊಸಬರಿಗೆ ಮತವಿಲ್ಲ. ಹಾಗಾಗಿ ತೀರ್ಪನ್ನು ಅಭಿನಂದಿಸಿ ಆಯೋಗವೇ ಬರೆದು ಕಳುಹಿಸಿದ್ದ ನಿರ್ಣಯಕ್ಕೆ ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ.

ಆಯೋಗ ಪ್ರಕಟಣೆ ಹೊರಡಿಸಿತು: "ಬಡ ತಂಡಗಳ ಸಂಬಳಕ್ಕೂ ಸಿರಿವಂತ ತಂಡಗಳ ಸಂಬಳಕ್ಕೂ ಇನ್ನು ಮುಂದೆ ಯಾವುದೇ ವ್ಯತ್ಯಾಸವಿರುವುದಿಲ್ಲ. ಸಮಬಲ ಸಾಧಿಸಲಾಗಿದೆ. ಟಿಕೆಟ್ ದರ ಸಮಬಲದ ವ್ಯಾಪ್ತಿಗೆ ಬರುವುದಿಲ್ಲ." ಜನ ಚಪ್ಪಾಳೆ ತಟ್ಟಿ, ಎಂದಿನ ದರಕ್ಕೇ ಟಿಕೆಟ್ ಕೊಂಡರು.

ವೆಂಡೆಲ್ ಲಾಂಡ್ರಿಯ ಮೆಟ್ಟಿಲು ಹತ್ತಿ ಮನೆಗೆ ಬಂದ. ಮುಖ ಅರಳಿತ್ತು. ಡೋರಿನ್ ಕೈಯೊರೆಸಿಕೊಳ್ಳುತ್ತ ಬಾಗಿಲಿಗೇ ಬಂದಳು.

"ಏನ್ರೀ, ಇಷ್ಟು ಖುಷಿ? ಸಂಬಳ ಜಾಸ್ತಿ ಆಯ್ತಾ?"

"ಇಲ್ಲ ಕಣೇ. ಬೇರೆಯವರಿಗೆಲ್ಲ ಇಳೀತು."

"ಸದ್ಯ," ಎಂದಳು ಡೋರಿನ್, "ಅಷ್ಟಾದ್ರೂ ಆಯ್ತಲ್ಲ!"