ಸವೆದ ಲಾಳ

ಬೋರ್‌ವೆಲ್ಲಿನ ಮೋಟಾರು ಎರಡನೇ ಸಲ ಸುಟ್ಟ ದಿನ, ಓನರಮ್ಮ ಅಶ್ವತ್ಥಮ್ಮ ಬೆಳಗ್ಗೆ ಏಳಕ್ಕೇ ಬಾಡಿಗೆದಾರ ಸಿದ್ರಾಮನ ಬಾಗಿಲಿಗೆ ಬಂದರು.

"ನೀವು ಬಂದ್ಮೇಲೇ ಕಣಪ್ಪಾ ಇದೆಲ್ಲ. ಮನೆಗೆ ದೃಷ್ಟಿ ತಗುಲಿದೆ. ಸಂಜೆಯೊಳಗೆ ಹೊಸ್ತಿಲಿಗೆ ಕುದುರೆ ಲಾಳ ಹೊಡೀರಿ. ಇಲ್ಲಾಂದ್ರೆ ಖಾಲಿ ಮಾಡಿ."

ಮೋಟಾರು ಸುಟ್ಟರೆ ಬಾಡಿಗೆದಾರ ಏನು ಮಾಡಬೇಕು? ಕೇಳುವ ಧೈರ್ಯ ಸಿದ್ರಾಮನಿಗಿರಲಿಲ್ಲ. ದಾಸರಹಳ್ಳಿಯಲ್ಲಿ ಈ ಒಂದು ಕೋಣೆಗಾಗಿ ಮೂರು ತಿಂಗಳು ಅಲೆದಿದ್ದ. ಬಸುರಿ ಹೆಂಡತಿ ಮಲಕವ್ವನಿಗೆ ಈಗ ಏಳು ತಿಂಗಳು ತುಂಬಿತ್ತು. "ಆತ್ರಿ ಅಕ್ಕಾರ, ಹೊಡಿತೀನ್ರಿ" ಅಂದ.

ತಾನು ಕೆಲಸ ಮಾಡುವ ಪೀಣ್ಯದ ವರ್ಕ್‌ಶಾಪಿನಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಬೆಲ್ಲ ಕಂಡ ಇರುವೆಗಳ ಹಾಗೆ ಎಲ್ಲರೂ ಮುತ್ತಿದರು.

"ಲಾಳದಂಗೇ ಬಗ್ಗಿರೋ ಯು-ಬೋಲ್ಟ್ ಐತಲ್ಲ ಗುರು, ಹೊಡ್ದಾಕು!" ಅಂದ ವೆಲ್ಡರ್ ಅಮರೇಶ್.

"ಥೂ!" ಫೋರ್‌ಮನ್ ಮುನಿಕೃಷ್ಣ ಸಿಡಿದ. "ಲಾಳ ಅಂದ್ರೆ ಏನು ಗೊತ್ತೇನೋ? ಗೊರಸಿಗೆ ಹೊಡ್ದು, ಓಡಿ ಓಡಿ ಸವ್ದು, ತಾನಾಗೇ ಬಿದ್ದಿರ್ಬೇಕು. ಅದು ಲಾಳ. ಮಿಕ್ಕಿದ್ದೆಲ್ಲ ಗುಜರಿ."

ಊಟ ಬಿಟ್ಟು ಸಿದ್ರಾಮ ಅಮರೇಶನ ಬೈಕಿನಲ್ಲಿ ಮಾಕಳಿಗೆ ಹೋದ. ಅಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವವನೊಬ್ಬನಿದ್ದ.

"ಮೊನ್ನೆ ತಾನೇ ಹೊಡ್ಸಿದೀನಣ್ಣ. ಬೀಳೋಕೆ ಇನ್ನೂ ಒಂದೂವರೆ ತಿಂಗ್ಳು. ಕಾಯ್ತೀರಾ?"

ಕುದುರೆ ಸೀನಿ ಸಿದ್ರಾಮನ ಅಂಗಿ ತೋಯಿಸಿತು.

ವರ್ಕ್‌ಶಾಪಿಗೆ ವಾಪಸು ಬಂದವನೇ ಕಬ್ಬಿಣದ ಪಟ್ಟಿ ಬಗ್ಗಿಸಿದ, ತೂತು ಕೊರೆದ, ಗ್ರೈಂಡರಿಗೆ ಹಿಡಿದು ಸವೆಸಿದ, ಆ್ಯಸಿಡ್ಡಿನಲ್ಲಿ ಅದ್ದಿ ತುಕ್ಕು ಹಿಡಿಸಿದ. ಯಾವ ಕುದುರೆಯೂ ತನ್ನ ಲಾಳಕ್ಕೆ ಅಷ್ಟು ದುಡಿದಿರಲಿಲ್ಲ.

ಸಂಜೆ ಮೊಳೆ ಹೊಡೆಯುವಾಗ ಪಕ್ಕದ ಮನೆಯ ದುರ್ಗವ್ವ ವಿಚಾರಣೆಗೆ ನಿಂತಳು.

"ಎಲ್ಲಿ ಕುದುರೀದೋ?"

"ಮಾಕಳೀದು."

"ಬಣ್ಣ?"

"ಕರೀದು."

"ಯಾವ ಕಾಲಿಂದು?"

ಸಿದ್ರಾಮ ಇನ್ನೊಂದು ಮೊಳೆ ಎತ್ತಿಕೊಂಡ. "ಹಿಂದಿಂದು... ಬಲಗಾಲಿಂದು."

ಕೊನೆಯ ಮೊಳೆ ಇಳಿಯುವುದಕ್ಕೂ ಮೋಟಾರು ಗುಂಯ್ ಎನ್ನುವುದಕ್ಕೂ ಸರಿಹೋಯಿತು. ನಲ್ಲಿಯಲ್ಲಿ ನೀರು! ಮಧ್ಯಾಹ್ನದಿಂದ ಮೋಟಾರು ಬಿಚ್ಚಿ ರಿಪೇರಿ ಮಾಡಿದ್ದ ಮೆಕ್ಯಾನಿಕ್ ಅಲ್ಲೇ ಕೈ ಒರೆಸಿಕೊಳ್ಳುತ್ತಿದ್ದ. ಅವನ ಕಡೆ ಒಂದು ನಾಯಿಯೂ ನೋಡಲಿಲ್ಲ.

ಅಶ್ವತ್ಥಮ್ಮ ಲಾಳಕ್ಕೆ ಕುಂಕುಮ ಹಚ್ಚಿ ಕಣ್ಣಿಗೊತ್ತಿಕೊಂಡರು. "ಏನು ಶಕ್ತಿ! ನಮ್ಮಳಿಯನಿಗೆ ಎರಡು ವರ್ಷದಿಂದ ಯಾವ ಕೆಲಸವೂ ಹತ್ತುತ್ತಿಲ್ಲ. ಇಂಥ ಮನೇಲಿ ಅವ್ನೇ ಇರ್ಲಿ. ನೀವು ಭಾನುವಾರ ಖಾಲಿ ಮಾಡ್ಬಿಡಿ."

ಸಿದ್ರಾಮ ಸುತ್ತಿಗೆ ಕೆಳಗೆ ಹಾಕಿದ. "ಅಕ್ಕಾರ, ಅದು ಲಾಳ ಅಲ್ರಿ! ನಾನ ವರ್ಕ್‌ಶಾಪಿನ್ಯಾಗ ಮಾಡೇನ್ರಿ!"

"ನೋಡಿದ್ರಾ ದುರ್ಗವ್ವ? ಬಿಟ್ಟು ಹೋಗೋಕೆ ಎಷ್ಟು ಹೊಟ್ಟೆಕಿಚ್ಚು! ಕಿತ್ಕೊಂಡು ಹೋಗ್ಬೇಡಪ್ಪಾ, ಅಷ್ಟೇ."

ಅವರು ಹೋದ ಮೇಲೆ ಮಲಕವ್ವ ತುಂಬಿದ ಕೊಡ ಇಳಿಸಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು.

"ಮುಂದಿನ ಮನ್ಯಾಗ ಮೋಟಾರು ಸುಟ್ರ ಸುಡ್ಲಿ" ಅಂದಳು. "ನೀವು ಮಾತ್ರ ಸುತ್ತಿಗಿ ಹಿಡಿಬ್ಯಾಡ್ರಿ."