ಎಂಟು ವ್ಯಾಟ್ ಸಂಸಾರ

ಮದುವೆಯಾದ ಇಪ್ಪತ್ಮೂರು ವರ್ಷಗಳಲ್ಲಿ ನಾನು ನಮ್ಮ ಯಜಮಾನರ ಹತ್ತಿರ ಒಂದು ಗುಲಗಂಜಿ ಚಿನ್ನ ಕೇಳಿದವಳಲ್ಲ. (ಕೆಜಿಎಫ್‌ನವಳು ಚಿನ್ನ ಕೇಳಿದರೆ ಜನ ನಗುತ್ತಾರೆ. ಚಿನ್ನವನ್ನೆಲ್ಲ ಯಾರ್‍ಯಾರೋ ಅಗೆದುಕೊಂಡು ಹೋದರು, ನಮಗೆ ಉಳಿದದ್ದು ಮಣ್ಣಿನ ದಿಬ್ಬ.) ನಾನು ಕೇಳಿದ್ದು ಒಂದೇ ಒಂದು: ಶನಿವಾರ ಸಂಜೆ ಬಂಗಾರಪೇಟೆಯ ಪಾನಿಪೂರಿ. ಅದನ್ನು ಅವರು ಇಪ್ಪತ್ತೆರಡು ವರ್ಷ ತಪ್ಪದೆ ನಡೆಸಿಕೊಟ್ಟರು. ಕೋರಮಂಡಲ್ ಸ್ಟೇಷನ್ನಿನಲ್ಲಿ ಮಾರಿಕುಪ್ಪಂನಿಂದ ಬರುವ ಗಾಡಿ ಹತ್ತುವುದು, ಬಂಗಾರಪೇಟೆಯಲ್ಲಿ ಇಳಿಯುವುದು, ತಳ್ಳುಗಾಡಿಯ ಮುಂದೆ ಭಕ್ತಿಯಿಂದ ನಿಲ್ಲುವುದು. ನಮ್ಮೂರ ಕಡೆಯ ಪಾನಿ ಬೇರೆ ಊರುಗಳಂತೆ ಹಸಿರು ಕೆಸರಲ್ಲ. ನೋಡಲು ಕಾಶಿಯ ತೀರ್ಥದಷ್ಟು ತಿಳಿ, ಕುಡಿದರೆ ಕಾಶಿಗೇ ಕಳಿಸುವಷ್ಟು ಖಾರ. ಆ ಹತ್ತು ನಿಮಿಷ ನಮ್ಮ ದಾಂಪತ್ಯದ ಅತ್ಯಂತ ಸಾಮರಸ್ಯದ ಕಾಲ, ಏಕೆಂದರೆ ಇಬ್ಬರ ಬಾಯೂ ತುಂಬಿರುತ್ತಿತ್ತು.

ಇಂಥ ಸಾಮರಸ್ಯಕ್ಕೆ ಕಲ್ಲು ಹಾಕಿದ್ದು ಒಂದು ಗೇಮಿಂಗ್ ಲ್ಯಾಪ್‌ಟಾಪು.

ನಮ್ಮ ಯಜಮಾನರು ಶಶಿಧರ್ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಬುಲ್ಡೋಜರ್ ಇಂಜಿನ್ನುಗಳನ್ನು ಪರೀಕ್ಷೆ ಮಾಡುವವರು. ಹಗಲೆಲ್ಲ ಇಂಜಿನ್ನಿನ ಥ್ರಾಟಲ್ ಪೂರ್ತಿ ಎಳೆದು, ಅದು ಗರ್ಜಿಸುವುದನ್ನು ಕೇಳಿ ಆನಂದಪಡುವುದೇ ಅವರ ಉದ್ಯೋಗ. ಹೋದ ವರ್ಷ ಒಂದು ದಿನ ಅವರು ಇಟ್ಟಿಗೆಯಷ್ಟು ದಪ್ಪದ ಚಾರ್ಜರಿನ ಜೊತೆ ಈ ಯಂತ್ರವನ್ನು ಹೊತ್ತು ತಂದರು.

"ನೀನು ಅಡುಗೆ ವಿಡಿಯೋ ನೋಡಬಹುದು ಕಣೇ. ಎಂಟು ಕೋರ್ ಇದೆ!"

"ಒಗ್ಗರಣೆ ನೋಡೋಕೆ ಎಂಟು ಕೋರ್ ಯಾಕ್ರೀ?"

"ಒಂದೊಂದು ಸಾಸಿವೆ ಸಿಡಿಯೋದೂ ಕಾಣುತ್ತೆ!"

ಸಾಸಿವೆ ಸಿಡಿಯಲಿಲ್ಲ, ನಾನು ಸಿಡಿದೆ. ಮರುದಿನದಿಂದ ಯಜಮಾನರು ಆ ಯಂತ್ರದೊಳಗೆ ಲಾರಿ ಡ್ರೈವರ್ ಆದರು. ಪರದೆಯ ಮೇಲೆ ಹದಿನಾರು ಚಕ್ರದ ಲಾರಿ, ಯಾವುದೋ ಹಿಮದ ದೇಶ, ಹಿಂದೆ ಮರದ ದಿಮ್ಮಿ. ಅವರ ಜೊತೆ ಇನ್ನೊಂದು ಲಾರಿಯಲ್ಲಿ ಅವರ ಪ್ರಾಣಮಿತ್ರ ಕಾಂತರಾಜ್, ಅವನ ಮನೆಯಿಂದ. ಒಂದೇ ಕಾರ್ಖಾನೆ, ಒಂದೇ ಶಿಫ್ಟು, ಒಂದೇ ಬುತ್ತಿ ತಟ್ಟೆ, ಈಗ ಒಂದೇ ಹೆದ್ದಾರಿ. ಲಾರಿಗಳ ಸಾಲಿಗೆ ಮೊದಲು ಕಾಂತರಾಜ್ ಮುಖಂಡನಾಗಿದ್ದ. ತಿಂಗಳೆರಡು ಕಳೆಯುವಷ್ಟರಲ್ಲಿ ನಮ್ಮವರು ಅವನನ್ನು ಇಳಿಸಿ ಪಟ್ಟಕ್ಕೇರಿದರು. ಶನಿವಾರ ನಾನು ಸೀರೆ ಉಟ್ಟು ನಿಂತರೆ, "ಇರೇ, ಲೋಡ್ ಇಳಿಸಿಬಿಟ್ಟು ಬರ್ತೀನಿ" ಎನ್ನುತ್ತಿದ್ದರು. ಲೋಡ್ ಇಳಿಯುವಷ್ಟರಲ್ಲಿ ನನ್ನ ಮಲ್ಲಿಗೆ ಬಾಡುತ್ತಿತ್ತು, ಗಾಡಿ ಹೋಗುತ್ತಿತ್ತು. ಒಂದು ಕಾಲದಲ್ಲಿ ಈ ಮನುಷ್ಯರಿಗೆ ನಾನೊಬ್ಬಳೇ ಫ್ಯಾನು. ಈಗ ಯಂತ್ರದ ಹೊಟ್ಟೆಯಡಿ ಎರಡು ಫ್ಯಾನು ಸುಯ್ಯೆಂದು ತಿರುಗುತ್ತಿದ್ದವು.

ಹನ್ನೊಂದು ಶನಿವಾರ ಹೀಗೇ ಕಳೆದ ಮೇಲೆ ನಾನು ಮ್ಯಾನ್ಯುಯಲ್ ತೆಗೆದೆ.

ನಮ್ಮ ಮನೆಯಲ್ಲಿ ಮ್ಯಾನ್ಯುಯಲ್ ಓದುವವಳು ನಾನೊಬ್ಬಳೇ. ಕಾನ್ವೆಂಟಿನಲ್ಲಿ ಓದಿದ ದೋಷ, ಅಚ್ಚಾದ ಇಂಗ್ಲಿಷ್ ಕಂಡರೆ ಪೌಡರ್ ಡಬ್ಬಿಯ ಹಿಂಭಾಗವನ್ನೂ ಬಿಡುವುದಿಲ್ಲ. ಅರವತ್ತೆರಡನೇ ಪುಟದಲ್ಲಿ ನನಗೆ ಜ್ಞಾನೋದಯವಾಯಿತು. ಯಂತ್ರದ ಸೆಟ್ಟಿಂಗಿನೊಳಗೆ ಪವರ್ ಲಿಮಿಟ್ ಎಂಬ ಒಂದು ಗುಂಡಿ ಇದೆ, ಅದನ್ನು ಎಡಕ್ಕೆ ಜರುಗಿಸಿದರೆ ಪ್ರೊಸೆಸರ್ ಥ್ರಾಟಲ್ ಆಗುತ್ತದೆ, ಜೋಕೆ! ಎಂದಿತ್ತು. ಥ್ರಾಟಲ್ ಎಂದರೆ ಏನೆಂದು ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಮುಂದಿನ ಬೆಂಚಿನವಳ ಕೊರಳಿಗೇ ಕೈಹಾಕಿ ತೋರಿಸಿದ್ದರು: ಕತ್ತು ಹಿಸುಕುವುದು.

ಆ ಭಾನುವಾರ ಬೆಳಿಗ್ಗೆ ಯಜಮಾನರು ಸ್ನಾನಕ್ಕೆ ಹೋಗಿದ್ದರು. ಕಾಂತರಾಜ್ ಬಂದು ಹಾಲ್‌ನಲ್ಲಿ ಪೇಪರ್ ಹಿಡಿದು ಕೂತಿದ್ದ. ನಾನು ಕಸ ಗುಡಿಸುವವಳಂತೆ ಪೊರಕೆ ಹಿಡಿದು ರೂಮಿಗೆ ಹೊಕ್ಕು, ನಲವತ್ತೈದು ವ್ಯಾಟ್‌ನಲ್ಲಿದ್ದ ಗುಂಡಿಯನ್ನು ಎಂಟಕ್ಕೆ ಇಳಿಸಿದೆ. (ನಮ್ಮ ಬಚ್ಚಲುಮನೆಯ ಬಲ್ಬು ಒಂಬತ್ತು.) ಒಂದು ಸಂಸಾರದ ಉಳಿವಿಗಾಗಿ ಎಂಟು ಕೋರ್‌ಗಳ ಕತ್ತು ಹಿಸುಕಿದ ಕೈಯಲ್ಲೇ ಉಪ್ಪಿಟ್ಟು ಬಡಿಸಿದೆ.

ಅಂದಿನಿಂದ ಲಾರಿ ತೆವಳತೊಡಗಿತು. ಹಿಮದ ದೇಶದಲ್ಲಿ ಒಂದು ತಿರುವು ತಿರುಗಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಬೇಸರವಾಗಿ ಆಟ ಬಿಡುತ್ತಾರೆ, ಶನಿವಾರ ನನ್ನದಾಗುತ್ತದೆ ಎಂದು ನಾನು ಎಣಿಸಿದ್ದೆ. ಗಂಡಸರ ಬಗ್ಗೆ ನನಗಿದ್ದ ಅಜ್ಞಾನ ಅಷ್ಟಿಷ್ಟಲ್ಲ. ಓಡುವ ಯಂತ್ರದ ಮುಂದೆ ಅವರು ಮೂರು ಗಂಟೆ ಕೂರುತ್ತಿದ್ದರು, ಕೆಟ್ಟ ಯಂತ್ರದ ಮುಂದೆ ಆರು ಗಂಟೆ ಕೂತರು! ಕಾಂತರಾಜ್ ದಿನಾ ಶಿಫ್ಟ್ ಮುಗಿಸಿ ನೇರ ನಮ್ಮನೆಗೇ ಬರತೊಡಗಿದ. ಇಬ್ಬರಿಗೂ ಕಾಫಿ, ಬೋಂಡ, ಮತ್ತೆ ಕಾಫಿ. ಯಂತ್ರದ ಹೊಟ್ಟೆ ಬಿಚ್ಚಿದರು, ಬ್ರಷ್ಷಿನಿಂದ ಉಜ್ಜಿದರು, ಸೈಕಲ್ ಪಂಪಿನಿಂದ ಗಾಳಿ ಊದಿದರು.

ಬುಧವಾರ ಕಾಂತರಾಜ್ ಒಂದು ರೋಗಪರೀಕ್ಷೆಯ ಪ್ರೋಗ್ರಾಂ ತಂದು ಹಾಕಿದ. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಪವರ್ ಲಿಮಿಟ್ ಥ್ರಾಟ್ಲಿಂಗ್, ಯೆಸ್.

"ಡೇ ಶಶಿ, ಪಾರುಡಾ! ಥ್ರಾಟಲ್ ಯೆಸ್ ಅಂತ ಐತೆ ನೋಡು!" ಎಂದ ಕಾಂತರಾಜ್, ತನ್ನ ತಮಿಳು ಬೆರೆತ ಕನ್ನಡದಲ್ಲಿ.

"ಅಂದ್ರೆ ಥ್ರಾಟಲ್ ಫುಲ್ ಇದೆ. ಇಂಜಿನ್ ಪರ್ಫೆಕ್ಟು ಕಣೋ. ಇನ್ನೂ ಜಾಸ್ತಿ ಥ್ರಾಟಲ್ ಕೊಡೋಕಾಗುತ್ತಾ ನೋಡು."

ಕಾರ್ಖಾನೆಯವರಿಗೆ ಥ್ರಾಟಲ್ ಎಂದರೆ ವೇಗ! ಎಳೆದಷ್ಟೂ ಓಟ! ಇಬ್ಬರು ಅನುಭವಿಗಳು ಸೇರಿ ಹಿಸುಕಿದ ಕತ್ತನ್ನು ಇನ್ನಷ್ಟು ಹಿಸುಕುವ ದಾರಿ ಹುಡುಕುತ್ತಿದ್ದಾರೆ, ಯಂತ್ರಕ್ಕೆ ಉಸಿರು ಬರಲಿ ಎಂದು. ಅರ್ಥ ಹೇಳೋಣವೆಂದು ಸಿಸ್ಟರ್ ಕಲಿಸಿದ ಇಂಗ್ಲಿಷ್ ನನ್ನ ಗಂಟಲವರೆಗೆ ಬಂತು. ಹೇಳಿದರೆ ಸಿಕ್ಕಿಬೀಳುತ್ತೇನೆ. ಅದನ್ನೂ ಅಲ್ಲೇ ಥ್ರಾಟಲ್ ಮಾಡಿದೆ.

ಅಷ್ಟರಲ್ಲಿ ಕ್ಯಾಸಂಬಳ್ಳಿಯಿಂದ ನಮ್ಮತ್ತೆ ಸೊಣ್ಣಮ್ಮನವರು ಅವರೆಕಾಯಿ ಮೂಟೆಯೊಂದಿಗೆ ಬಂದಿಳಿದರು.

"ಏನ್ಲಾ ಶಶಿ, ಸತ್ತೋರ್ ಮುಂದೆ ಕುಂತಂಗೆ ಕುಂತಿದ್ದೀಯ?"

"ಪ್ರೊಸೆಸರ್ ಹೋಗಿದೆ ಅನ್ಸುತ್ತೆ ಅಮ್ಮಾ."

"ಅಯ್ಯೋ ಸಿವನೇ! ಯಾವ ಪ್ರೊಫೆಸರು? ಮಹಡಿ ಮೇಲಿನ ಓಂಕಾರಪ್ಪನೋರಾ? ಈಗ್ತಾನೆ ಮೆಟ್ಲತ್ರ ನಗ್ನಗ್ತಾ ಮಾತಾಡುಸ್ದರಲ್ಲೋ!"

ಹೋಗಿರುವುದು ಓಂಕಾರಪ್ಪನವರಲ್ಲ ಎಂದು ತಿಳಿದ ಮೇಲೆ ಅತ್ತೆಗೆ ರೋಗ ಗೊತ್ತಾಯಿತು. "ದಿಷ್ಟಿ ಕಣ್ಲಾ. ಇಂಥಾ ದೊಡ್ಡ ಪೆಟ್ಟಿಗೆ ತಂದು ಕಿಟ್ಕಿ ಮುಂದೆ ಮಡುಗಿದ್ರೆ ಕಣ್ಣಾಕದೆ ಬಿಡ್ತಾರಾ?" ಎಂದು ಏಳು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಯಂತ್ರದ ಎರಡು ಫ್ಯಾನುಗಳು ಆ ಘಾಟನ್ನು ಅಡಿಯಿಂದ ಹೀರಿ, ಪಕ್ಕದಿಂದ ಯಜಮಾನರ ಮುಖಕ್ಕೇ ಉಗಿದವು. ನಾವು ನಾಲ್ವರೂ ಸೀನಿದ ಸದ್ದಿಗೆ ಓಂಕಾರಪ್ಪನವರು ಮಹಡಿಯಿಂದ ಇಣುಕಿದರು. ಬದುಕಿದ್ದರು.

ಶನಿವಾರ ಬಂತು. ಮಧ್ಯಾಹ್ನ ಮೂರಕ್ಕೆ ಯಜಮಾನರು ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು ಹೇಳಿದರು: "ಅರುಣಾ, ರೆಡಿಯಾಗು. ಬಂಗಾರಪೇಟೆಗೆ ಹೋಗೋಣ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಗೆದ್ದೆ! ಮಾವಿನ ಹಸಿರಿನ ಸೀರೆ ಉಟ್ಟೆ, ಎರಡು ಮೊಳ ಮಲ್ಲಿಗೆ ಮುಡಿದೆ, ಬಾಯಲ್ಲಿ ನೀರೂರಿಸಿಕೊಂಡು ಹೊರಟೆ. ಸ್ಟೇಷನ್ನಿನಲ್ಲಿ ಕಾಂತರಾಜ್ ಚಾರ್ಜರ್ ಇಟ್ಟಿಗೆಯನ್ನು ಮಗುವಿನಂತೆ ಅಪ್ಪಿಕೊಂಡು ನಿಂತಿದ್ದ.

"ಮೂರ್ತಿ ಅಂತ ಒಬ್ಬ ಇದಾನಂತೆ ಅಲ್ಲಿ. ಎಂಥ ಲ್ಯಾಪ್‌ಟಾಪನ್ನೂ ಎಬ್ಬಿಸ್ತಾನಂತೆ. ತಗೋ, ಇದನ್ನ ಮಡಿಲಲ್ಲಿ ಇಟ್ಕೋ, ಅಲ್ಲಾಡಬಾರದು" ಎಂದು ಯಜಮಾನರು ಕೈಚೀಲದಿಂದ ಯಂತ್ರ ತೆಗೆದು ಕೊಟ್ಟರು.

ಲ್ಯಾಪ್ ನನ್ನದು, ಟಾಪ್ ಅವರದು. ಹೀಗೆ ಬಂಗಾರಪೇಟೆ ತಲುಪಿದೆವು.

ಮೂರ್ತಿಯ ರಿಪೇರಿ ಅಂಗಡಿ ಎಲ್ಲಿರಬೇಕು ಹೇಳಿ? ಸರಿಯಾಗಿ ನಮ್ಮ ತಳ್ಳುಗಾಡಿಯ ಎದುರಿಗೆ. ಪೂರಿ ಒಡೆಯುವ ಚಟಪಟ ಸದ್ದು ಕೇಳುತ್ತಿದೆ, ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದೇನೆ. ಮೂರ್ತಿ ಯಂತ್ರ ತೆರೆದ, ನಾಲ್ಕು ಸಲ ಕ್ಲಿಕ್ಕಿಸಿದ, ನಕ್ಕ.

"ಏಂ ಸಾರ್ ಇದು? ಪವರ್ ಲಿಮಿಟ್ ಎಂಟು ವ್ಯಾಟ್‌ಗೆ ಇಳ್ಸವ್ರೆ. ಗಾಡಿ ಎಂಗೆ ಓಡ್ತದೆ?"

"ವಾಟ್?" ಎಂದರು ಯಜಮಾನರು.

"ಅದೇ ಸಾರ್, ವ್ಯಾಟ್. ಎಂಟು."

"ತಾನಾಗೇ ಇಳಿದಿದೆಯಾ?"

"ತಾನಾಗೆಲ್ಲಿ ಇಳೀತದೆ? ಯಾರೋ ಕೈಯಾರೆ ಮಾಡಿರೋದು. ಇಲ್ಲೇ ಐತೆ ನೋಡಿ, ಹೋದ ಭಾನುವಾರ, ಬೆಳಿಗ್ಗೆ ಹತ್ತು ಇಪ್ಪತ್ತು."

ಯಂತ್ರಗಳು ಚಾಡಿ ಹೇಳುತ್ತವೆ ಎಂದು ಮ್ಯಾನ್ಯುಯಲ್ಲಿನ ಅರವತ್ತೆರಡನೇ ಪುಟದಲ್ಲಿ ಇರಲಿಲ್ಲ. (ಅರವತ್ತಮೂರರಲ್ಲಿ ಇತ್ತಂತೆ. ಗೆದ್ದ ಉತ್ಸಾಹದಲ್ಲಿ ನಾನು ಮುಂದೆ ಓದಿರಲಿಲ್ಲ.)

ಯಜಮಾನರು ನಿಧಾನವಾಗಿ ಕಾಂತರಾಜ್ ಕಡೆ ತಿರುಗಿದರು. "ಹತ್ತು ಇಪ್ಪತ್ತಕ್ಕೆ ನಾನು ಸ್ನಾನದಲ್ಲಿದ್ದೆ. ಹಾಲ್‌ನಲ್ಲಿ ನೀನಿದ್ದೆ."

"ಪೇಪರ್ ಓದ್ತಿದ್ದೆ ಡಾ!"

"ಲೀಡರ್ ಪಟ್ಟ ಹೋಯ್ತು ಅಂತ ಹೊಟ್ಟೆಯುರಿ ನಿನಗೆ. ಅದಕ್ಕೇ ದಿನಾ ಬಂದು ರಿಪೇರಿ ನಾಟಕ ಆಡ್ದೆ. ನನ್ನ ಮನೆ ಬೋಂಡ ತಿಂದು!"

"ಶಶಿ, ಸತ್ಯಮಾ ಹೇಳ್ತೀನಿ, ನಾನು ಮುಟ್ಟಿಲ್ಲ."

"ಸಾಕು. ಸೋಮವಾರದಿಂದ ನಿನ್ನ ಬುತ್ತಿ ನಿನಗೆ, ನನ್ನ ಬುತ್ತಿ ನನಗೆ."

ಕಾಂತರಾಜ್ ಚಾರ್ಜರನ್ನು ಮೇಜಿನ ಮೇಲಿಟ್ಟ. ನಮ್ಮ ಮದುವೆಯಲ್ಲಿ ಯಜಮಾನರ ಪಂಚೆ ಜಾರದಂತೆ ತನ್ನ ಬೆಲ್ಟು ಬಿಚ್ಚಿ ಕೊಟ್ಟು, ಊಟದ ಪಂಕ್ತಿಯುದ್ದಕ್ಕೂ ತನ್ನ ಪ್ಯಾಂಟನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಡಿಸಿದವನು ಅವನು. ಒಂದು ತಟ್ಟೆ ಪಾನಿಪೂರಿಗಾಗಿ ಅಂಥವನನ್ನು ಬಲಿ ಕೊಡುವಷ್ಟು ಖಾರ ನನ್ನ ನಾಲಿಗೆಯಲ್ಲೂ ಇಲ್ಲ.

"ನಾನೇ" ಎಂದೆ.

"ನೀನೇ ಏನು?"

"ನಾನೇ ರೀ ಇಳಿಸಿದ್ದು. ಪೊರಕೆ ಹಿಡ್ಕೊಂಡು ರೂಮಿಗೆ ಹೋದೆನಲ್ಲ, ಆಗ. ಹನ್ನೊಂದು ಶನಿವಾರ ಸೀರೆ ಉಟ್ಟು ಬಿಚ್ಚಿಟ್ಟಿದ್ದೀನಿ. ಲಾರಿ ನಿಂತ್ರೆ ನೀವು ನನ್ನ ಜೊತೆ ಬರ್ತೀರಿ ಅಂದ್ಕೊಂಡೆ."

ಯಜಮಾನರು ನನ್ನನ್ನು, ನನ್ನ ಬಾಡುತ್ತಿದ್ದ ಮಲ್ಲಿಗೆಯನ್ನು, ಎದುರಿನ ತಳ್ಳುಗಾಡಿಯನ್ನು ನೋಡಿದರು. ಆಮೇಲೆ ಕಾಂತರಾಜ್‌ನ ಹೆಗಲ ಮೇಲೆ ಕೈಹಾಕಿದರು. "ತಪ್ಪಾಯ್ತು ಕಣೋ" ಎಂದರು, ಅಳು ನಗುಗಳ ನಡುವಿನ ದನಿಯಲ್ಲಿ. ಕಾಂತರಾಜ್ ಮೂಗೊರೆಸಿಕೊಂಡು, "ಬೋಂಡ ವಿಷಯ ಎತ್ತಬಾರದಾಗಿತ್ತು ಡಾ" ಎಂದ.

ಮೂರ್ತಿ ಮಾತ್ರ ನನ್ನನ್ನೇ ಬೆರಗಿನಿಂದ ನೋಡುತ್ತಿದ್ದ. "ಅಕ್ಕಾ, ಯಾರ್ ಕಲ್ಸಿದ್ರು? ನನ್ನತ್ರ ಮೂರೊರ್ಷ ಕೆಲ್ಸ ಮಾಡಿದ ಶ್ರೀರಾಮಪ್ಪಂಗೂ ಈ ಗುಂಡಿ ಎಲ್ಲೈತೆ ಗೊತ್ತಿಲ್ಲ!"

"ಮ್ಯಾನ್ಯುಯಲ್ ಓದಿದೆ" ಎಂದೆ, ಸಂಕೋಚದಿಂದ.

"ಮ್ಯಾನ್ಯುಯಲ್ಲಾ! ಓದಿದ್ರಾ!" ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ಆ ಸಂಜೆ ಯಜಮಾನರು ನನ್ನ ಕೈಹಿಡಿದು ರಸ್ತೆ ದಾಟಿಸಿದರು. ಮೂರು ಪ್ಲೇಟು ತಿನ್ನಿಸಿದರು. ಬಾಯಿ ತುಂಬಿಕೊಂಡು, "ಇನ್ಮೇಲೆ ಪ್ರತಿ ಶನಿವಾರ ಬರೋಣ, ಒಂದೂ ತಪ್ಪಿಸೋದಿಲ್ಲ" ಎಂದರು. ನನ್ನ ಕಣ್ಣಲ್ಲಿ ನೀರು. ಅರ್ಧ ಪ್ರೀತಿಗೆ, ಅರ್ಧ ಹಸಿಮೆಣಸಿಗೆ.

"ನಿಜವಾಗ್ಲೂನಾ?"

"ನಿಜವಾಗ್ಲೂ. ಮೂರ್ತಿಗೆ ಮಾತು ಕೊಟ್ಟಿದ್ದೀನಿ. ಶನಿವಾರದ ಮಟ್ಟಿಗೆ ನೀನು ಅವನ ಅಂಗಡೀಲಿ ಒಂದೆರಡು ಗಂಟೆ ಕೂತು ಲ್ಯಾಪ್‌ಟಾಪ್ ನೋಡ್ತೀಯ ಅಂತ. ಪಾಪ, ಅವನಿಗೆ ಇಂಗ್ಲಿಷ್ ಓದೋರು ಯಾರೂ ಇಲ್ಲ!"

ಪೂರಿ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಅದೂ ಒಂದು ಬಗೆಯ ಥ್ರಾಟ್ಲಿಂಗ್.

ಈಗ ಯಜಮಾನರು ಕೊಟ್ಟ ಮಾತಿಗೆ ತಪ್ಪುತ್ತಿಲ್ಲ. ಪ್ರತಿ ಶನಿವಾರ ನಾಲ್ಕರ ಗಾಡಿಗೆ ತಾವೇ ನನ್ನನ್ನು ಅವಸರ ಮಾಡಿ ಹೊರಡಿಸುತ್ತಾರೆ. ನಾನು ಸ್ಟೂಲಿನ ಮೇಲೆ, ಮುಂದೆ ಐದಾರು ರೋಗಿಷ್ಟ ಯಂತ್ರ. ಅವರೂ ಕಾಂತರಾಜೂ ರಸ್ತೆಯಾಚೆ ನಿಂತು ಪಾನಿಪೂರಿ. ಮೊನ್ನೆ ನಾನೂ ಹಟ ಹಿಡಿದು, ನನಗೂ ಒಂದು ಪ್ಲೇಟು ಹೇಳಿಸಿ ಎದ್ದು ನಿಂತೆ. ಅಷ್ಟರಲ್ಲಿ ಒಬ್ಬ ಹೆಂಗಸು ಸೆರಗಿನಡಿ ದಪ್ಪ ಲ್ಯಾಪ್‌ಟಾಪೊಂದನ್ನು ಮರೆಮಾಡಿಕೊಂಡು ಒಳಗೆ ಬಂದಳು. ಹೆಸರು ಜ್ಯೋತಿಲಕ್ಷ್ಮಿ, ಬೇತಮಂಗಲದವಳು.

"ಅಕ್ಕಾ, ಎಂಟು ವ್ಯಾಟ್ ಅಕ್ಕ ಅಂದ್ರೆ ನೀವೇನಾ? ನಮ್ಮನೆಯೋರ್ದು ಇದು. ಬಸ್ ಓಡಿಸ್ತಾರೆ ಇದ್ರಲ್ಲಿ. ನನ್ನ ಎಲ್ಲಿಗೂ ಕರ್ಕೊಂಡೋಗಲ್ಲ. ಎಂಟಕ್ಕಿಂತ ಕಮ್ಮಿ ಆಗಲ್ವಾ?"

ಆ ಮುಖ ನೋಡಿ ಇಲ್ಲವೆನ್ನಲು ಯಾರಿಗೆ ಮನಸ್ಸು ಬಂದೀತು? ಮತ್ತೆ ಕೂತೆ. ಆರಕ್ಕೆ ಇಳಿಸುತ್ತಿದ್ದೆ, ರಸ್ತೆಯಾಚೆಯಿಂದ ಯಜಮಾನರ ದನಿ ಕೇಳಿತು.

"ಅರುಣಾ! ಗಾಡಿ ಮುಚ್ಚುತ್ತಾ ಇದಾರೆ ಕಣೇ! ನಿನ್ನ ಪ್ಲೇಟಲ್ಲಿ ಕೊನೇದೊಂದು ಉಳಿದಿದೆ, ಮೆತ್ತಗಾಗ್ತಾ ಇದೆ. ತಿಂದುಬಿಡ್ಲಾ?"

ಕೇಳುವ ಸೌಜನ್ಯ ಅವರಿಗಿದೆ. ಉತ್ತರಕ್ಕೆ ಕಾಯುವ ಅಭ್ಯಾಸ ಮಾತ್ರ ಇಲ್ಲ.