ಡಬ್ಬಿಯ ಮೇಲೆ ನಾಲ್ಕು ನೂರು

ಸೇಡಂನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡವನ ಮಾನ ಹೋಗಲು ದೊಡ್ಡ ಕಾರಣವೇನೂ ಬೇಕಾಗಿಲ್ಲ, ಎರಡು ಪೆನ್ಸಿಲ್ ಸೆಲ್ಲು ಸಾಕು. ನನ್ನದು ಸುತ್ತಲಿನ ಊರುಗಳಲ್ಲೆಲ್ಲ ಹೋಗಿದೆ. ಆದರೆ ಹೋದಲ್ಲೆಲ್ಲ ಜನ ಬೈದ ಮೇಲೂ ಚಹಾ ಕೊಟ್ಟು ಕಳಿಸಿದ್ದಾರೆ. ಅದಕ್ಕೇ ಈ ಕಸುಬು ಇನ್ನೂ ಬಿಟ್ಟಿಲ್ಲ.

ಮುಗಿಯದ ರೋಲು

ಮೊದಲನೆಯದು ಸೆಲ್ಲಿನ ಕಥೆಯಲ್ಲ, ರೋಲಿನ ಕಥೆ. ತೊಂಬತ್ತರ ದಶಕದ ನಡುವೆ ಚಿತ್ತಾಪುರದ ಮಾಸ್ತರರೊಬ್ಬರ ಮದುವೆ ಚಿಂಚೋಳಿಯಲ್ಲಿ ನಡೆಯಿತು. ಮಾಸ್ತರರು ನನಗೆ ಅಣ್ಣನ ಸಮಾನ. ಹಾಗಾಗಿ ಮದುಮಗಳು ಅಂದಿನಿಂದಲೇ ನನಗೆ ವೈನಿ.

ಹಾಕಿದ್ದು ಮೂವತ್ತಾರು ಫೋಟೊದ ರೋಲು. ಮೂವತ್ತಾರಾಯಿತು, ಮೂವತ್ತೆಂಟಾಯಿತು, ನಲವತ್ತಾದರೂ ರೋಲು ಮುಗಿಯಲೊಲ್ಲದು. ಕಂಪನಿಯವರು ಕೈಬಿಚ್ಚಿ ಕೊಟ್ಟಿದ್ದಾರೆಂದು ಹಿಗ್ಗಿದೆ. ಸ್ಟುಡಿಯೊಕ್ಕೆ ಬಂದು ಕತ್ತಲೆ ಕೋಣೆಯಲ್ಲಿ ತೆಗೆದು ನೋಡಿದರೆ ರೋಲು ಒಳಗಿನ ಹಲ್ಲಿಗೆ ಸಿಕ್ಕೇ ಇಲ್ಲ. ಅಷ್ಟೂ ಫೋಟೊ ಗಾಳಿಗೆ ಹೊಡೆದಿದ್ದೆ.

ಸರಿಯಾಗಿ ಸಿಕ್ಕಿಸದವನು ನಾನೇ. ಆದರೆ ಬಾಯಿಂದ ಬಂದದ್ದು ಬೇರೆ: "ರೋಲೇ ಖರಾಬ್ ಇತ್ತರಿ ವೈನಿ."

"ಹಂಗಾದ್ರ ಮತ್ತೊಮ್ಮೆ ಮದುವಿ ಮಾಡ್ಕೋಬೇಕೇನು?" ಎಂದರು ವೈನಿ.

ಮಾಸ್ತರರು ಕೈಮುಗಿದರು: "ಬ್ಯಾಡಪಾ, ಒಂದಕ್ಕೇ ಸಾಕಾಗ್ಯದ."

ವೈನಿ ನಗಲಿಲ್ಲ. ಅವರನ್ನು ಧಾರೆ ಎರೆದು ಕೊಟ್ಟ ತಂದೆ ಮರುವರ್ಷವೇ ತೀರಿಹೋದರು. ಅಪ್ಪ ಮಗಳು ಕೂಡಿ ನಿಂತ ಫೋಟೊ ಬೇರೊಂದು ಇರಲಿಲ್ಲ. ಮದುವೆ ಫೋಟೊಕ್ಕೆಂದು ಮಾಸ್ತರರು ಪಡಸಾಲೆಯ ಗೋಡೆಗೆ ಹೊಡೆದಿದ್ದ ಮೊಳೆ ಬರಿದಾಗಿಯೇ ಉಳಿಯಿತು. ನಾನು ಹೋದಾಗಲೆಲ್ಲ ವೈನಿ ತಪ್ಪದೆ ಚಹಾ ಕೊಡುತ್ತಿದ್ದರು, ತಪ್ಪದೆ ಆ ಮೊಳೆಯ ಎದುರಿಗೇ ಕೂಡಿಸುತ್ತಿದ್ದರು.

ವಾಡಿಯ ಹಾರಗಳು

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಡಿಜಿಟಲ್ ಕ್ಯಾಮೆರಾ ಕೊಂಡೆ. ರೋಲಿನ ಪೀಡೆ ಇಲ್ಲ. ಚಾರ್ಜ್ ಮಾಡುವ ಎರಡು ಸೆಲ್ಲು ಹಾಕಿದರೆ ನಾಲ್ಕು ನೂರು ಫೋಟೊ ಎಂದು ಡಬ್ಬಿಯ ಮೇಲೆಯೇ ಅಚ್ಚಾಗಿತ್ತು. ಆ ಡಬ್ಬಿಯನ್ನು ಅಂಗಡಿಯ ಮುಂದೆ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ.

ಮೊದಲ ಕೆಲಸ ವಾಡಿಯಲ್ಲಿ, ರೈಲ್ವೆ ಗಾರ್ಡ್ ಒಬ್ಬರ ನಿವೃತ್ತಿ ಸಮಾರಂಭ. ಹಾರ ಹಾಕಿದವರು ವೇದಿಕೆ ಇಳಿದು ತಮ್ಮ ಕುರ್ಚಿಗೆ ಹೋಗಬೇಕಷ್ಟೆ? ಒಬ್ಬರೂ ಹೋಗಲಿಲ್ಲ. ಎಲ್ಲರೂ ಸೀದಾ ನನ್ನ ಹತ್ತಿರ ಬಂದರು.

"ತೋರಸ್ರಿ ಸ್ವಲ್ಪ."

"ಏ, ಕಣ್ಣು ಮುಚ್ಯಾವಲ್ಲ! ಮತ್ತೊಮ್ಮೆ ಹಾರ ಹಾಕ್ತೀನಿ, ಹೊಡೀರಿ."

ಕ್ಯಾಮೆರಾದ ಬೆನ್ನಿನ ಪರದೆ ಆರಲೇ ಇಲ್ಲ. ಅರವತ್ತನೆಯ ಫೋಟೊಕ್ಕೆ ಸೆಲ್ಲು ಮುಗಿದು ಕ್ಯಾಮೆರಾ ಕಣ್ಣು ಮುಚ್ಚಿತು. ಗಾರ್ಡ್ ಸಾಹೇಬರ ಹೆಂಡತಿ ಆಗಷ್ಟೇ ಸೆರಗು ಸರಿಮಾಡಿಕೊಂಡು ವೇದಿಕೆ ಹತ್ತುತ್ತಿದ್ದರು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮರುದಿನ ಮುಂಜಾನೆ ಎದ್ದು ಅವರ ಕ್ವಾರ್ಟರ್ಸಿಗೆ ಹೋಗಿ ಇಬ್ಬರನ್ನೂ ಕೂಡಿಸಿ ಫೋಟೊ ತೆಗೆದು, ಡಬ್ಬಿಯ ಮೇಲೆ ನಾಲ್ಕು ನೂರು ಅಂತ ಬರೆದದ್ದು ಖರೇನೇ ಎಂದು ಆಣೆ ಮಾಡಿದೆ.

ಗಾರ್ಡ್ ಸಾಹೇಬರೇ ನನ್ನ ಬೆನ್ನು ಸವರಿದರು: "ಇರ್ಲಿ ಬಿಡ್ರಿ. ನಾನೂ ಮೂವತ್ತು ವರ್ಷ ಟೈಂಟೇಬಲ್ ಓದೀನಿ. ಬರದದ್ದು ಬ್ಯಾರೆ, ಬರೋದು ಬ್ಯಾರೆ."

ಶಹಾಬಾದಿನ ಫರಸಿ

ಅಂದಿನಿಂದ ಡಬ್ಬಿಯ ಜೊತೆ ಬಂದ ಪುಸ್ತಕವನ್ನು ಪಾರಾಯಣ ಮಾಡತೊಡಗಿದೆ. ಕೊನೆಯ ಪುಟದಲ್ಲಿ, ಇರುವೆಯಂಥ ಅಕ್ಷರದಲ್ಲಿ, ಆ ಲೆಕ್ಕ ಹಾಕಿದ ರೀತಿ ಬರೆದಿದ್ದರು. ಹದವಾದ ತಂಪಿನ ಕೋಣೆ, ಒಂದು ಫೋಟೊ ಬಿಟ್ಟು ಒಂದಕ್ಕೆ ಫ್ಲ್ಯಾಶು, ನಡುನಡುವೆ ಕ್ಯಾಮೆರಾಕ್ಕೆ ವಿಶ್ರಾಂತಿ. 'ತೋರಸ್ರಿ' ಅನ್ನುವ ಸೋದರಮಾವ ಆ ಪುಟದಲ್ಲಿ ಎಲ್ಲೂ ಇರಲಿಲ್ಲ.

ಆ ಪುಟಕ್ಕೆ ಒಪ್ಪುವಂಥ ಗಿರಾಕಿಯೂ ಒಮ್ಮೆ ಸಿಕ್ಕಿತು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡಿಸುವ ಸಾವಕಾರರು, ದೂರದ ವ್ಯಾಪಾರಿಗೆ ಕಳಿಸಲು ತಮ್ಮ ಕಲ್ಲುಗಳ ಫೋಟೊ ಕೇಳಿದರು. ಕಲ್ಲು ಕಣ್ಣು ಮುಚ್ಚುವುದಿಲ್ಲ, ತೋರಿಸು ಅನ್ನುವುದಿಲ್ಲ. ಬಿಸಿಲಿದ್ದುದರಿಂದ ಫ್ಲ್ಯಾಶೂ ಬೇಕಾಗಲಿಲ್ಲ. ಮುನ್ನೂರು ದಾಟಿದರೂ ಸೆಲ್ಲು ಗಟ್ಟಿಯಾಗಿತ್ತು. ಕಂಪನಿಯವರ ಮೇಲೆ ಪ್ರೀತಿ ಉಕ್ಕಿ, ಸಾವಕಾರರಿಗೆ ಒಂದೊಂದಾಗಿ ತೋರಿಸಿದೆ.

ಅವರು ಹತ್ತು ನೋಡಿದರು, ಇಪ್ಪತ್ತು ನೋಡಿದರು. "ಒಂದೇ ಕಲ್ಲಿಂದು ಇಷ್ಟು ಫೋಟೊ ಯಾಕ ಹೊಡದೀರಿ?"

"ಇಲ್ರಿ ಸಾವಕಾರ್ರ, ಎಲ್ಲಾ ಬ್ಯಾರೆ ಬ್ಯಾರೆ ಕಲ್ಲು."

"ಹೌದೇನು? ಹಂಗಾದ್ರ ನನಗ ಒಂದೇ ಸಾಕಿತ್ತಲ್ರಿ!"

ಹನ್ನೊಂದೂ ಕಾಲು

ಮುಂದೆ ವೈನಿಯ ತಂಗಿಯ ಮದುವೆ ನಿಶ್ಚಯವಾಯಿತು. ಅದೇ ಚಿಂಚೋಳಿ, ಅಕ್ಕನ ಮದುವೆಯಾಗಿದ್ದ ಅದೇ ಮಠದ ಕಲ್ಯಾಣಮಂಟಪ. ತಂದೆ ಇಲ್ಲದ್ದರಿಂದ ಧಾರೆ ಎರೆಯಬೇಕಾದವರು ವೈನಿ ಮತ್ತು ಮಾಸ್ತರರು. ವೈನಿ ನನ್ನನ್ನೇ ಕರೆಸಿದರು.

"ನಮ್ಮಪ್ಪ ಎರದದ್ದಂತೂ ಉಳೀಲಿಲ್ಲ. ನಾ ಎರದದ್ದಾದ್ರೂ ಉಳೀಲಿ. ಆದ್ರ ಈ ಸಲ ನಾ ನಂಬಂಗಿಲ್ಲ. ಹೊಡದ ಕೂಡ್ಲೇ ಒಂದೊಂದೂ ತೋರಸ್ಬೇಕು."

ಇಲ್ಲ ಅನ್ನಲು ನನಗೆಲ್ಲಿಯ ಬಾಯಿ? ಬೆಳಗಿನಿಂದ ಒಂದೊಂದು ಫೋಟೊಕ್ಕೂ ವೈನಿ ಓಡಿಬಂದು "ಬಂತೇನು?" ಅನ್ನುವುದು, ನಾನು ಪರದೆ ಬೆಳಗಿಸಿ "ಬಂತರಿ" ಅನ್ನುವುದು. ದೇವರ ಪೂಜೆ ಮುಗಿಯುವುದರೊಳಗೆ ಮೊದಲ ಜೋಡಿ ಸೆಲ್ಲು ಮುಗಿಯಿತು. ಎರಡನೆಯ ಜೋಡಿಯನ್ನು ಚಾರ್ಜಿಗೆ ಇಟ್ಟಾಗ ಕರೆಂಟು ಕೈಕೊಟ್ಟಿತ್ತು. ಆ ಜೋಡಿ ವರಪೂಜೆಗೇ ಸತ್ತಿತು. ಆಗ ಹನ್ನೊಂದೂ ಕಾಲು. ಧಾರೆ ಮುಹೂರ್ತ ಹನ್ನೊಂದು ನಲವತ್ತಕ್ಕೆ. ಸೆಲ್ಲು ಸಿಗುವ ಅಂಗಡಿ ಊರಾಚೆಯ ಚಂದಾಪುರದಲ್ಲಿ, ನಡೆದು ಹೋಗಿಬರುವಷ್ಟು ಹೊತ್ತಿಲ್ಲ.

ಹೋಗಿ ಹೇಳಿದೆ. ವೈನಿ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದೇ ಆಗ. ಸುತ್ತ ನೋಡಿದವರು ಕುರ್ಚಿ ಹತ್ತಿ, ಮಂಟಪದ ಗೋಡೆಯ ಲೋಲಕದ ಗಡಿಯಾರ ಇಳಿಸಿದರು. ಮುಳ್ಳಿಗೊಂದು ಸೆಲ್ಲು, ಲೋಲಕಕ್ಕೊಂದು ಸೆಲ್ಲು.

"ವರ್ಷದಿಂದ ಗಡಿಯಾರ ನಡಸ್ಯಾವ. ಒಂದು ಫೋಟೊಕ್ಕ ಸಾಲಂಗಿಲ್ಲೇನು? ತಗೋರಿ."

ಗಡಿಯಾರ ಯಥಾಪ್ರಕಾರ ಗೋಡೆಗೆ ಹೋಯಿತು. ನಾನು ಕ್ಯಾಮೆರಾ ಬಂದ್ ಮಾಡಿ ಎದೆಗವಚಿಕೊಂಡು ನಿಂತೆ.

ಆಚಾರ್ಯರು ಮಂಗಲಾಷ್ಟಕ ಶುರುಮಾಡಿದರು. ಒಂದು ಮುಗಿಸಿ ಗಡಿಯಾರ ನೋಡಿದರು. ಹನ್ನೊಂದೂ ಕಾಲು. ಇನ್ನೊಂದು ಹೇಳಿದರು, ನೋಡಿದರು. ಹನ್ನೊಂದೂ ಕಾಲು. ಎಂಟೂ ಮುಗಿದವು. ಯಾವ ಮದುವೆಯಲ್ಲೂ ಕೇಳಿರದ ಶ್ಲೋಕಗಳು ಹೊರಬಂದವು. ಜನರ ಕೈಯೊಳಗಿನ ಅಕ್ಷತೆ ಬೆವೆತಿತು. ಕಡೆಗೆ ವರನ ಕಾಕಾ ಕೈಗಡಿಯಾರ ನೋಡಿ ಕೂಗಿದರು: "ಆಚಾರ್ರ, ಮುಹೂರ್ತಕ್ಕ ಒಂದೇ ಮಿನಿಟ್ ಉಳದದ!"

"ನೀರು ಬಿಡ್ರಿ! ನೀರು ಬಿಡ್ರಿ!" ಆಚಾರ್ಯರು ಶ್ಲೋಕವನ್ನು ಅರ್ಧಕ್ಕೇ ನುಂಗಿದರು.

ವೈನಿ, ಮಾಸ್ತರರು ಧಾರೆ ಎರೆದರು. ನಾನು ಗುಂಡಿ ಒತ್ತಿದೆ. ಫ್ಲ್ಯಾಶು ಹೊಡೆಯಿತು, ಕ್ಯಾಮೆರಾ ಸತ್ತಿತು. ಒಂದೇ ಫೋಟೊ.

ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಚಿತ್ತಾಪುರಕ್ಕೆ ಒಯ್ದೆ. ಮದುಮಕ್ಕಳು, ಮಾಸ್ತರರು, ನೀರಿನ ಧಾರೆ, ಎಲ್ಲ ಸ್ಪಷ್ಟ. ವೈನಿಯೊಬ್ಬರು ಮಾತ್ರ ಧಾರೆ ಎರೆಯುತ್ತಲೇ ನನ್ನ ಕಡೆ ತಿರುಗಿ, ಬಾಯಿ ತೆರೆದು, "ಬಂತೇನು?" ಎಂದು ಕೇಳುತ್ತಿದ್ದಾರೆ. ಅವರ ತಲೆಯ ಮೇಲೆ ಗಡಿಯಾರ. ವೈನಿ ಫೋಟೊ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವತ್ತೇ ತಂಗಿಯ ಅತ್ತೆಯೂ ಬಂದಿದ್ದರು. ಕಣ್ಣಿಗೆ ಚಾಳೀಸು ಏರಿಸಿ ಫೋಟೊ ನೋಡಿದವರ ಮುಖ ಗಂಟಿಕ್ಕಿತು.

"ಅಲ್ರೀ, ಮುಹೂರ್ತ ಹನ್ನೊಂದು ನಲವತ್ತಕ್ಕ ಇತ್ತು. ಇಲ್ಲಿ ಹನ್ನೊಂದೂ ಕಾಲು ಆಗ್ಯದ! ಮುಹೂರ್ತಕ್ಕ ಮೊದಲೇ ಧಾರಿ ಎರದೀರೇನು?"

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ತಂಗಿ ಇನ್ನೂ ಹೊಸ ಸೊಸೆ. ಈ ಮಾತು ಆ ಮನೆಯಲ್ಲಿ ಬೆಳೆದರೆ ಅನುಭವಿಸುವವಳು ಆಕೆ. ವೈನಿ ಮಾತ್ರ ಎವೆಯಿಕ್ಕಲಿಲ್ಲ.

"ಗಡಿಯಾರ ಛಲೋನೇ ಇತ್ತರಿ, ಫೋಟೊದಾಗ ತಪ್ಪು ಬಂದದ. ಈ ಫೋಟೊದವರು ಹೊಡದದ್ದು ಯಾವಾಗ ಸರಿ ಬಂದದ, ಅವರಿಗೇ ಕೇಳ್ರಿ."

ಇಬ್ಬರೂ ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಿದೆ. "ಹೌದ್ರಿ, ನಂದೇ ತಪ್ಪು."

ಬೀಗತಿ ಸಮಾಧಾನವಾಗಿ ಒಳಗೆ ಹೋದರು. ವೈನಿ ಫೋಟೊ ಎತ್ತಿ ಆ ಹಳೆಯ ಮೊಳೆಗೆ ತೂಗುಹಾಕಿ, ನನ್ನ ಕಡೆ ತಿರುಗದೆಯೇ ಹೇಳಿದರು:

"ಅಂತೂ ಒಪ್ಪಿದ್ರಿ. ಹತ್ತು ವರ್ಷ ಹಿಡೀತು."